ನೀಡಿದ ಕಾಲು

ನೆಲದ ಮೇಲೆ ಕೂತು ಕಾಲು ನೀಡಿದರೆ ಹೆಂಗಸಿನ ಎರಡು ಕಾಲುಗಳ ನಡುವೆ ಒಂದು ಮಗು ಮಲಗುವಷ್ಟೇ ಜಾಗವಾಗುತ್ತದೆ. ಊರಿನ ಎಷ್ಟೋ ಮಕ್ಕಳು ನನ್ನ ಕಾಲ ಮೇಲೆ ಮಲಗಿ, ಎಣ್ಣೆ ಹಚ್ಚಿಸಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಅತ್ತು ದೊಡ್ಡವರಾದರು. ಈಗ ಅವರೇ ಮೀಸೆ ತಿರುವಿಕೊಂಡು ಎದುರಿಗೆ ಬಂದರೆ ನನಗೆ ನಗು ತಡೆಯುವುದಿಲ್ಲ.

ಬಾಣಂತಿಯರಿಗೂ ನಾನೇ ಎಣ್ಣೆ ನೀರು ಹಾಕುತ್ತಿದ್ದೆ. ನನ್ನದು ಗಟ್ಟಿ ಕೈ. ಸೊಂಟ ನೀವಿದರೆ ಹೆಂಗಸರು ಮನೆದೇವರನ್ನು ಕೂಗಬೇಕು. ಆ ಹೆಮ್ಮೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪಂಕಜಳ ಬೆನ್ನಿಗೆ ಕೈಯಿಟ್ಟ ದಿನ ಮಾತ್ರ ಕೈ ತಾನಾಗಿ ಹಿಂದಕ್ಕೆ ಬಂತು. ಅವಳ ಮೈ ಹಲಗೆಯ ಹಾಗೆ ಬಿಗಿದುಕೊಂಡಿತ್ತು. ತಾಯಿಯಿಲ್ಲದ ಹುಡುಗಿ, ಗಂಡನ ಮನೆಯಲ್ಲೇ ಬಾಣಂತನ. ಹೆತ್ತ ಹೊಸದರಲ್ಲಿ ತಲೆ ಸುತ್ತಿ, ಮಗು ಅವಳ ಕೈಯಿಂದ ಜಾರಿತ್ತು. ಬಿದ್ದದ್ದು ಹಾಸಿಗೆಯ ಮೇಲೆ, ಕೂದಲೂ ಕೊಂಕಿರಲಿಲ್ಲ. ಆದರೂ ಅಂದಿನಿಂದ ಮಗುವನ್ನು ಎತ್ತಲು ಹೋದರೆ ಅವಳ ಕೈ ನಡುಗುತ್ತಿತ್ತು. ಮಲಗಿದ ಹಾಗೇ ಹಾಲು ಕುಡಿಸುವಳು, ಎತ್ತಲೊಲ್ಲಳು. ಹುಣ್ಣಿಮೆಗೆ ವಾರಗಿತ್ತಿ ವಿಶಾಲಾಕ್ಷಿ ಬಂದು ಮಗುವನ್ನು ತನ್ನೂರಿಗೆ ಕರೆದೊಯ್ಯುವುದೆಂದು ಅತ್ತೆ ತುಂಗಮ್ಮ ನಿಶ್ಚಯಿಸಿದ್ದರು. ಇವಳು ಸುಧಾರಿಸುವವರೆಗೆ ಎಂಬುದು ಬರೀ ಬಾಯಿಮಾತು. ವಿಶಾಲಾಕ್ಷಿಗೆ ಮಕ್ಕಳಿರಲಿಲ್ಲ, ಹಾಗೆ ಹೋದ ಮಗು ತಿರುಗಿ ಬರುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು, ಪಂಕಜಳಿಗೂ.

"ಎಲ್ಲಿ ಮುಟ್ಟಿದ್ರೆ ಹಿತ ಅನ್ಸತ್ತೆ, ತಾಯಿ?" ಎಂದೆ. ಅಷ್ಟು ವರ್ಷ ಯಾರನ್ನೂ ಹಾಗೆ ಕೇಳಿದವಳಲ್ಲ ನಾನು.

ಬಹಳ ಹೊತ್ತು ಯೋಚಿಸಿ, "ಪಾದ" ಎಂದಳು.

ಅವಳನ್ನು ಚಾಪೆಯ ಮೇಲೆ ಮಲಗಿಸಿ, ಬೆಚ್ಚಗಿನ ಎಣ್ಣೆ ಸವರಿದ ಅಂಗೈಗಳನ್ನು ಪಾದಕ್ಕೆ ಇಟ್ಟೆ. ಒತ್ತಲಿಲ್ಲ, ತಿಕ್ಕಲಿಲ್ಲ. ಅವಳ ಉಸಿರು ಇಳಿಯುವವರೆಗೂ ಸುಮ್ಮನೆ ಕೂತೆ. ಆಮೇಲೆ ಹಿಮ್ಮಡಿ, ಮೀನಖಂಡ, ಮೊಣಕಾಲು, ಒಂದೊಂದಕ್ಕೂ ಅವಳನ್ನು ಕೇಳಿಯೇ ಕೈ ಮುಂದಿಡುತ್ತಿದ್ದೆ. ಬಾಗಿಲಲ್ಲಿ ನಿಂತ ತುಂಗಮ್ಮನಿಗೆ ತಡೆಯಲಿಲ್ಲ.

"ಮೈ ನೀವೋಕೆ ಬಂದ್ಯೋ, ಪೂಜೆ ಮಾಡೋಕೆ ಬಂದ್ಯೋ?"

"ಹಿಟ್ಟು ನಾದೋಕಂತೂ ಬಂದಿಲ್ಲ ಅಮ್ಮೋರೇ!" ಎಂದೆ. ನನ್ನ ಬಾಯಿಯೂ ಆಗ ಸುಮ್ಮನಿರುತ್ತಿರಲಿಲ್ಲ.

ದಿನವೂ ಹೀಗೇ ನಡೆಯಿತು. ಬೆನ್ನು ಸಡಿಲವಾಯಿತು, ಭುಜ ಇಳಿಯಿತು, ಕೈಯ ನಡುಕ ಮಾತ್ರ ಹೋಗಲಿಲ್ಲ. ಹುಣ್ಣಿಮೆ ಹತ್ತಿರ ಬಂತು. ಹಿಂದಿನ ದಿನ ಪಂಕಜ ಕಣ್ಣು ಮುಚ್ಚಿಕೊಂಡೇ, "ಅವ್ವಾ, ಕಾಲು ನೆಲಕ್ಕೆ ಅಂಟಿಕೊಂಡ ಹಾಗಿದೆ. ಭಾರವಾಗಿ, ಹಿತವಾಗಿ" ಎಂದಳು.

ಅಯ್ಯೋ ನನ್ನ ಬುದ್ಧಿಯೇ! ನಾನು ಅಷ್ಟು ದಿನ ಅವಳ ಕೈಯನ್ನೇ ನೋಡುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಕಾಲು ನೀಡಿಸಿದೆ. ಮಗುವನ್ನು ತಂದಾಗ ಅವಳ ಮುಖ ಬಿಳಿಚಿಕೊಂಡಿತು. "ಬೇಡ ಅವ್ವಾ, ಬಿದ್ದುಬಿಡತ್ತೆ."

"ನೆಲದ ಮೇಲಿರೋ ಕಾಲಿಂದ ಎಲ್ಲಿಗೆ ಬೀಳತ್ತೆ? ಕಾಲೇ ಹಿಡ್ಕೊಂಡಿರತ್ತೆ. ಕೈ ಎಣ್ಣೆ ಹಚ್ಚಿದ್ರೆ ಸಾಕು. ಮಲಗಿಸಲಾ?"

ಅವಳು ಕೆಳದುಟಿ ಕಚ್ಚಿ ತಲೆಯಾಡಿಸಿದಳು. ಮಲಗಿಸಿದೆ. ಮಗು ಒಮ್ಮೆ ಕೊಸರಾಡಿ, ಆ ಜಾಗ ತನ್ನದೇ ಎಂಬಂತೆ ಒಗ್ಗಿಕೊಂಡಿತು. ಪಂಕಜಳ ಬೆರಳು ನಡುಗುತ್ತಲೇ ಎಣ್ಣೆಗೆ ಇಳಿಯಿತು, ನಡುಗುತ್ತಲೇ ಆ ಪುಟ್ಟ ಎದೆಯನ್ನು ಸವರಿತು. ಅಷ್ಟರಲ್ಲಿ ಮಹಾರಾಯ ಅವಳ ಸೀರೆಗೆಲ್ಲ ಉಚ್ಚೆ ಹೊಯ್ದ. ಅವಳು ನಕ್ಕಳು. ಆ ನಗು ಕೇಳಿ ನನ್ನ ಕಣ್ಣು ತುಂಬಿತು.

ನಗು ನಿಲ್ಲುವ ಮೊದಲೇ ಹೊರಗೆ ಗಾಡಿ ನಿಂತಿತು. ಮಗುವನ್ನು ಸುತ್ತಿಕೊಂಡು ಹೋಗಲು ತಂದ ಹೊಸ ದುಪ್ಪಟಿಯನ್ನು ಎದೆಗೆ ಅವಚಿಕೊಂಡು ವಿಶಾಲಾಕ್ಷಿ ಬಚ್ಚಲ ಬಾಗಿಲಿಗೇ ಬಂದಳು. ಹಿಂದೆಯೇ ತುಂಗಮ್ಮ.

"ಪಂಕಜ, ಏಳೇ, ಅಕ್ಕ ಬಂದಿದ್ದಾಳೆ."

ಹಿರಿಯರು ಬಂದರೆ ದಡಬಡಿಸಿ ಏಳುತ್ತಿದ್ದ ಹುಡುಗಿ ತಲೆಯೆತ್ತಿ ನೋಡಿದಳು. ಎಣ್ಣೆಗೈ ಮಗುವಿನ ಎದೆಯ ಮೇಲೆ ಇತ್ತು.

"ಏಳೋಕಾಗಲ್ಲ ಅತ್ತೆ. ಮಗು ಕಾಲ ಮೇಲಿದೆ."

ವಿಶಾಲಾಕ್ಷಿಯ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಪಾಪ, ಅವಳು ಏನೆಲ್ಲ ಕನಸು ಕಟ್ಟಿಕೊಂಡು ಬಂದಿದ್ದಳೋ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಕೆಟ್ಟಿನ ನೀರಿಗೆ ಕೈಯದ್ದಿ ನೋಡಿದಳು.

"ಸುಡತ್ತೆ ಕಣೇ, ತಣ್ಣೀರು ಬೆರೆಸ್ತೀನಿ" ಎಂದಳು. ದನಿ ಒಡೆದಿತ್ತು. "ನಾನು ಹೊಯ್ಯಲಾ?"

ಪಂಕಜ ಹೂಂ ಎಂದಳು. ವಿಶಾಲಾಕ್ಷಿ ಚೊಂಬು ತುಂಬಿಕೊಂಡಳು. ಮಗುವನ್ನು ಒರೆಸುವುದಕ್ಕೆಂದು ಅವಳೇ ಬಿಚ್ಚಿ ಹಾಸಿದ ಹೊಸ ದುಪ್ಪಟಿ ಪಂಕಜಳ ಪಾದದಾಚೆ ಒಣನೆಲದ ಮೇಲೆ ಕಾಯುತ್ತಿತ್ತು.