ಕಿವಿ ಮಾಮ ಮತ್ತು ಹಿಂಡಲೊಲ್ಲದ ಮಷೀನು

“ಒಗೆದಿದ್ದುಡೋ ಮಹಾರಾಯ” ಅಂತ ಹಿರಿಯರು ಹೇಳಿದ್ದಾರೆ. ಹೇಳಿಲ್ಲವೆ? ಹಾಗಾದರೆ ಅವರ ಕಾಲದಲ್ಲಿ ವಾಷಿಂಗ್ ಮಷೀನು ಇರಲಿಲ್ಲ, ಅಷ್ಟೆ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ. ಒಗೆದವಳೂ ನಾನೇ, ಉಟ್ಟವಳೂ ನಾನೇ.

ನಮ್ಮ ದೊಡ್ಡಮ್ಮನ ಮಷೀನಿಗೆ ಮೂವತ್ತೊಂದು ವರ್ಷ. ನನಗಿಂತ ನಾಲ್ಕು ವರ್ಷ ದೊಡ್ಡದು, ಲೆಕ್ಕದಲ್ಲಿ ಅಕ್ಕ. ಎರಡು ತೊಟ್ಟಿಯದು: ಒಂದು ಒಗೆಯುತ್ತೆ, ಇನ್ನೊಂದು ಗಿರಗಿರ ತಿರುಗಿ ಹಿಂಡುತ್ತೆ. ದೊಡ್ಡಮ್ಮ ಊರವರ ಬಟ್ಟೆ ಹೊಲಿದು ತಾನೇ ಕೊಂಡದ್ದು. ಆ ಮನೆಯಲ್ಲಿ “ಇದು ನಂದು” ಅಂತ ಅವಳು ಕೈಯಿಟ್ಟು ಹೇಳಬಹುದಾದ ಸಾಮಾನು ಅದೊಂದೇ. ಈಗ ಹಿಂಡುವ ತೊಟ್ಟಿ ನಿಂತುಹೋಗಿತ್ತು. ಸ್ವಿಚ್ ಹಾಕಿದರೆ ಹ್ಞೂಂಂಂ ಅಂತ ಮುನಿಸಿಕೊಂಡ ಮಗುವಿನ ಹಾಗೆ ಗುಂಯ್ಗುಟ್ಟುತ್ತಿತ್ತು, ಕದಲುತ್ತಿರಲಿಲ್ಲ. ಬಟ್ಟೆ ಹಿಂಡಲಾಗದ ಸಿಟ್ಟಿಗೆ ದೊಡ್ಡಮ್ಮ ನಮ್ಮನ್ನೇ ಹಿಂಡತೊಡಗಿದಳು.

ಅವಳ ಮಗ, ಅಂದರೆ ನಮ್ಮಣ್ಣ, ಹೊಸದಕ್ಕೆ ಆರ್ಡರ್ ಕೊಟ್ಟೇಬಿಟ್ಟ. “ಸೋಮವಾರ ತಂದು ಇಳಿಸ್ತಾರೆ, ಹಳೇದನ್ನ ಎತ್ಕೊಂಡು ಹೋಗ್ತಾರೆ.”

“ನನ್ನನ್ನೂ ಅದರ ಜೊತೆ ಎತ್ತಿಸಿಬಿಡಪ್ಪಾ,” ಅಂದಳು ದೊಡ್ಡಮ್ಮ. ತಮಾಷೆಗೆ ಅಂದಳು. ಆದರೆ ಸೆರಗಿನಿಂದ ಮಷೀನಿನ ಮುಚ್ಚಳ ಒರೆಸುತ್ತಾ ಅಂದಳು.

ಶುಕ್ರವಾರ ನಾನು ಮೂರು ಅಂಗಡಿ ತಿರುಗಿದೆ. ಎಲ್ಲರದೂ ಒಂದೇ ಪ್ರಶ್ನೆ, ಮಾಡೆಲ್ ನಂಬರು. ಅದನ್ನು ಬರೆದಿದ್ದ ಚೀಟಿ ಮೂವತ್ತೊಂದು ವರ್ಷ ಸೋಪಿನ ನೀರು ಕುಡಿದು ಎಂದೋ ಮಾಯ. ಒಬ್ಬನಂತೂ ಫೋಟೋ ನೋಡಿ, “ಪಾರ್ಟು ಬಿಡಿ ಮೇಡಂ, ಇದರ ಕಂಪನಿಯೇ ಸಿಗಲ್ಲ,” ಅಂದ.

ಕೊನೆಗೆ ಉಳಿದವರು ಕಿವಿ ಮಾಮ. ಹಳೇ ಮಷೀನಿಗೆ ಕೈ ಹಾಕುವ ಒಬ್ಬರೇ ಮೆಕ್ಯಾನಿಕ್. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಮಷೀನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ಕೇಳಿ ರೋಗ ಹೇಳುವವರು.

“ಎಡಗಿವಿ ಹೋಗಿ ಎರಡು ವರ್ಷ,” ಅಂದರು ಶನಿವಾರ ಮನೆಗೆ ಬಂದ ಮಾಮ. “ಬಲದ್ದು ಇರೋತನಕ ನನಗೆ ಅನ್ನ. ಮಗಳೇ, ಸ್ವಿಚ್ ಹಾಕು. ಯಾರೂ ಉಸಿರೆತ್ತಬೇಡಿ.”

ಸ್ವಿಚ್ ಇದ್ದದ್ದು ಮಷೀನಿನ ಹಿಂದಿನ ಗೋಡೆಯಲ್ಲಿ. ನನಗೋ ಚಿಕ್ಕಂದಿನಿಂದ ಕಂಡವರ ದನಿ ಕದಿಯುವ ಚಟ. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದೆ, ಕುಕ್ಕರುಗಾಲಲ್ಲಿ ಕೂತೆ, ಹಿಂಬದಿಯ ತಗಡಿಗೆ ಬಾಯಿಟ್ಟು ಶುರುಮಾಡಿದೆ: ಹ್ಞೂಂಂಂ... ಕುರ್ಕ್... ಹ್ಞೂಂಂಂ.

“ಬ್ರೇಕ್ ಬಿಟ್ಟಿಲ್ಲ,” ಅಂದರು ಮಾಮ, ಕಣ್ಣು ಮುಚ್ಚಿಯೇ. “ಮುಚ್ಚಳ ಹಾಕಿದ್ರೆ ಒಂದು ವೈರು ಬ್ರೇಕನ್ನ ಎಳೆದು ಬಿಡಿಸುತ್ತೆ. ಆ ವೈರು ತುಂಡಾಗಿದೆ.”

ಆಗಲೇ ಹಿಂದಿನ ಧೂಳು ಮೂಗಿಗೆ ಹೋಗಿ ಮಷೀನು ಸೀನಿತು.

ದೊಡ್ಡಮ್ಮ ಇಣುಕಿದಳು. ಮಾಮನೂ ಇಣುಕಿದರು, ನನ್ನ ಕೈಯಲ್ಲಿದ್ದ ಪ್ಲಗ್ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬಲಗಿವಿಯನ್ನು ಒಮ್ಮೆ ಮುಟ್ಟಿಕೊಂಡು, “ಮೋಟಾರಿಗೂ ಗಂಟಲಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂದ್ರೆ ಇದೂ ಮುಗೀತು ಕಣಮ್ಮಾ. ಬೇರೆ ಯಾರನ್ನಾದ್ರೂ ನೋಡಿ,” ಅಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

“ಎಂ.ಎ. ಓದಿದ್ದು ಇದಕ್ಕೇನೇ? ಇದ್ದೊಬ್ಬ ವೈದ್ಯನನ್ನೂ ಓಡಿಸಿದೆಯಲ್ಲೇ!” ಅಂದಳು ದೊಡ್ಡಮ್ಮ. ಆ ದನಿಯನ್ನು ಅನುಕರಿಸುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಮಾಮ ಸ್ಕ್ರೂಡ್ರೈವರನ್ನು ಮುಚ್ಚಳದ ಮೇಲೆ ಮರೆತಿದ್ದರು. ಅದರಿಂದಲೇ ಹಿಂಬದಿಯ ತಗಡು ಬಿಚ್ಚಿದೆ. ಬ್ರೇಕು ಮೋಟಾರನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿತ್ತು. ಅದರ ವೈರು ಎರಡು ತುಂಡು.

ಭಾನುವಾರ ಬೆಳಿಗ್ಗೆ ಆ ತುಂಡುಗಳನ್ನು ಅವರ ಅಂಗಡಿಯಲ್ಲಿ, ಅವರ ಮುಂದಿಟ್ಟೆ. “ಮಾಮ, ತಪ್ಪಾಯ್ತು. ಮಷೀನು ಹೇಗೆ ಗುಂಯ್ಗುಡ್ತಿತ್ತೋ ಹಾಗೇ ಅಂದಿದ್ದೆ ನಾನು. ನೀವು ಕೇಳಿಸಿಕೊಂಡದ್ದು ಸರಿಯಾಗೇ ಇತ್ತು.”

ಅವರು ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. “ಬೇರಿಂಗ್ ಹೋದ ಮಷೀನಿನ ಹಾಗೆ ಅನ್ನು ನೋಡೋಣ,” ಅಂದು ಬೆನ್ನು ತಿರುಗಿಸಿದರು.

ಪಕ್ಕದ ಮನೆಯವರ ಮಷೀನು ನೆನೆಸಿಕೊಂಡು ಗರಗರ ಅಂದೆ.

“ಮೇಲಿನದ್ದೋ, ಕೆಳಗಿನದ್ದೋ?”

“ಗೊತ್ತಿಲ್ಲ ಮಾಮ.”

“ಕೆಳಗಿಂದು. ಪಕ್ಕದ ಮನೆಯವರದು. ನಾನೇ ಹಾಕಿಕೊಟ್ಟೆ ಹೋದ ತಿಂಗಳು.” ನಗುವಿಗೆ ಅವರ ಭುಜ ಕುಲುಕತೊಡಗಿತು. “ಅಯ್ಯೋ ನಿನ್ನ! ರಾತ್ರಿಯೆಲ್ಲ ಗಡಿಯಾರದ ಟಿಕ್‌ಟಿಕ್ ಕೇಳುತ್ತಾ ಅಂತ ಪರೀಕ್ಷೆ ಮಾಡ್ಕೊಂಡು ಮಲಗಿದ್ದೀನಿ ಕಣೇ!”

ಆಮೇಲೆ ತಾವು ಕೂತಿದ್ದ ಸ್ಟೂಲಿನಿಂದ ಎದ್ದು ಅದನ್ನು ಬೋರಲು ಹಾಕಿದರು. ಸ್ಟೂಲಲ್ಲ, ದೊಡ್ಡಮ್ಮನ ಮಷೀನಿನದೇ ಜಾತಿಯ ಒಂದು ಹಿಂಡುವ ತೊಟ್ಟಿ! ಅದರ ಹೊಟ್ಟೆಯೊಳಗೆ ಬ್ರೇಕಿನ ವೈರು ಹಾಗೇ ಇತ್ತು. “ಹತ್ತು ವರ್ಷದಿಂದ ಇದರ ಮೇಲೆ ಕೂತು, ಈ ಪಾರ್ಟು ಎಲ್ಲೂ ಸಿಗಲ್ಲ ಅಂತ ಗಿರಾಕಿಗಳಿಗೆ ಹೇಳ್ತಿದ್ದೀನಿ ನೋಡು,” ಅಂದರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮನ ಮಷೀನಿನಲ್ಲಿ ಆ ವೈರು ಕೂತಿತು. ಈ ಸಲ ಪ್ಲಗ್ಗನ್ನು ಮಾಮನೇ ಹಾಕಿದರು. ನನ್ನನ್ನು ಎದುರಿಗೆ ನಿಲ್ಲಿಸಿ, ಲೋಟ ಕೊಟ್ಟು, ಬಾಯಿ ತುಂಬ ನೀರು ತುಂಬಿಸಿದರು. “ನುಂಗಬಾರದು, ಉಗುಳಬಾರದು.” ಸ್ಕ್ರೂಡ್ರೈವರು ಕಿವಿಗೇರಿತು. ದೊಡ್ಡಮ್ಮ ಎರಡೂ ಕೈಯಲ್ಲಿ ಮುಚ್ಚಳ ಮುಚ್ಚಿದಳು.

ಗಿರ್ರ್ರ್!

ಕಣ್ಣು ಮುಚ್ಚಿದ್ದ ಮಾಮ ಒಂದು ಕಣ್ಣು ಮಾತ್ರ ತೆರೆದು ನನ್ನ ಉಬ್ಬಿದ ಕೆನ್ನೆ ನೋಡಿದರು. “ಇದು ಮಷೀನೇ,” ಅಂದರು ಗಂಭೀರವಾಗಿ.

ದೊಡ್ಡಮ್ಮ ಫೋನಿನಲ್ಲಿ ಅಣ್ಣನಿಗೆ, “ಲೋ, ಹೊಸದು ಬೇಡ ಅನ್ನೋ ಅವರಿಗೆ! ಕೇಳಿಸ್ತಾ? ನಂದು ತಿರುಗ್ತಿದೆ!” ಅಂತ ಕೂಗುವಷ್ಟರಲ್ಲಿ ನನ್ನ ಬಾಯಿಯ ನೀರೆಲ್ಲ ಕಾರಂಜಿಯಾಗಿ ಮಾಮನ ಅಂಗಿಯ ಮೇಲೆ. ದೊಡ್ಡಮ್ಮ ನಕ್ಕಳು, ನಾನೂ ನಕ್ಕೆ. ಆದರೆ ಮಾಮ, ತೊಯ್ದ ಅಂಗಿ ಬಿಚ್ಚಿ ತೊಟ್ಟಿಯತ್ತ ಚಾಚಿಕೊಂಡು, ನಮ್ಮಿಬ್ಬರ ನಗುವನ್ನೂ ಮಷೀನಿನ ಸದ್ದನ್ನೂ ಮೀರಿಸಿ ನಗುತ್ತಿದ್ದರು.