ಗೋಡೆ ಸೇರಿಕೊಂಡ ಉಣ್ಣಿಗಳು

ಹೆಡ್‌ಮಾಸ್ತರರು ಬೆಳಿಗ್ಗೆ ತೆಗೆದುಕೊಂಡು ಹೋಗಿದ್ದ ಬಿಳಿ ಅಂಗಿಯನ್ನು ಅರ್ಧ ಗಂಟೆಯಲ್ಲೇ ವಾಪಸು ತಂದು, ಎರಡು ಬೆರಳಲ್ಲಿ ಹಿಡಿದು, ಇಸ್ತ್ರಿ ಮೇಜಿನ ಮೇಲೆ ಇಟ್ಟರು.

"ಏನಮ್ಮಾ ಇದು? ಈ ಅಂಗಿಗೆ ಇದ್ದದ್ದು ಏಳೇ ಗುಂಡಿ. ಎಂಟನೇದು ಕಾಲರ್ ಮೇಲೆ ಓಡಾಡ್ತಿದೆ!"

ಅಂಗಡಿಯ ಮುಂದೆ ನಿಂತಿದ್ದ ಇನ್ನಿಬ್ಬರು ಕಿಸಕ್ಕನೆ ನಕ್ಕರು. ಬೀದಿಯವರೆಲ್ಲ ಇಸ್ತ್ರಿಯಕ್ಕ ಎಂದು ಕರೆಯುವ ಆಕೆ ಬಗ್ಗಿ ನೋಡಿದಳು. ಹುರುಳಿಕಾಳಿನ ಗಾತ್ರದ ಕಂದು ಉಣ್ಣಿಯೊಂದು, ತನ್ನಪ್ಪನ ಮನೆಯ ಅಂಗಳವೆಂಬಂತೆ, ಗರಿಗರಿ ಕಾಲರಿನ ಮೇಲೆ ನಿಧಾನವಾಗಿ ನಡೆಯುತ್ತಿತ್ತು. ಹದಿನಾಲ್ಕು ವರ್ಷದ ಕಸುಬಿನಲ್ಲಿ ಒಂದು ಬಟ್ಟೆ ಸುಟ್ಟವಳಲ್ಲ, ಒಂದು ಬಟ್ಟೆ ಕಳೆದವಳಲ್ಲ. ಮುಖಕ್ಕೆ ಹೊಡೆದಂತಾಯಿತು.

"ತಪ್ಪಾಯ್ತು ಸರ್. ಈಗಲೇ ಮತ್ತೆ ಒಗೆದು ಕೊಡ್ತೀನಿ."

"ಬೇಡ ಬಿಡಿ," ಎಂದು ಅವರು ಉಣ್ಣಿಯನ್ನು ಕೊಡವಿ, ಅಂಗಿಯನ್ನು ಮಡಚದೆ ಹಾಗೇ ತೋಳಿನ ಮೇಲೆ ಹಾಕಿಕೊಂಡು ಹೊರಟುಬಿಟ್ಟರು. ನಗುತ್ತಿದ್ದವರಲ್ಲಿ ಒಬ್ಬರು ತಮ್ಮ ಬಟ್ಟೆಗಂಟನ್ನು ಮೆಲ್ಲಗೆ ಕೈಗೆತ್ತಿಕೊಂಡು, "ನಾಳೆ ಬರ್ತೀನಕ್ಕಾ" ಎಂದರು. ಆ ನಾಳೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಕೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಮೇಜಿನ ಕೆಳಗೆ ಇಣುಕಿದಳು. ಅಲ್ಲಿ ಅವಳ ನಾಯಿ ಇದ್ದಲು ಮಲಗಿತ್ತು. ಮೂರು ವರ್ಷದ ಹಿಂದೆ ಒಂದು ಚಳಿಯ ದಿನ ಮೇಜಿನಡಿಯ ಬಿಸುಪಿಗೆ ತಾನಾಗಿಯೇ ಬಂದು ಸೇರಿಕೊಂಡ ಮರಿ ಅದು. ಮೈಯ ಕಪ್ಪು ಬಣ್ಣ ನೋಡಿ ಗಂಡ ಇಟ್ಟ ಹೆಸರು. ಅವತ್ತು ಅದು ಎಂದಿನಂತೆ ಬಾಲ ಬಡಿಯಲಿಲ್ಲ. ಕಿವಿ ಮಡಚಿ ನೋಡಿದರೆ ಒಳಗೆ ಒತ್ತೊತ್ತಾಗಿ ಉಣ್ಣಿ. ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ, ಎಲ್ಲೆಲ್ಲೂ ಉಣ್ಣಿ.

ಒಳಗಿನಿಂದ ಅತ್ತೆ ಗೋಡೆ ಸವರಿಕೊಂಡು ಬಂದರು. ಅವರ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಅಂಗಡಿಯಲ್ಲಿ ಬಟ್ಟೆ ಮಡಚುವ ಕೆಲಸ ಅವರದೇ.

"ಸೀಮೆಎಣ್ಣೆ ಒರೆಸೇ. ಎಲ್ಲಾ ಉದುರಿ ಬೀಳ್ತವೆ. ನಮ್ಮ ಕಾಲದಲ್ಲಿ ಅದೇ ಮಾಡ್ತಿದ್ದದ್ದು."

ಬೇರೆ ದಾರಿ ತೋಚದೆ ಆಕೆ ಹಾಗೇ ಮಾಡಿದಳು. ನಾಯಿ ಕುಂಯ್ಗುಟ್ಟಿತು, ಓಡಲು ನೋಡಿತು, ಆಕೆ ಒತ್ತಿ ಹಿಡಿದುಕೊಂಡು ಒರೆಸಿದಳು. ಉಣ್ಣಿ ನಾಲ್ಕಾರು ಬಿದ್ದವು. ಉಳಿದವು ಕಚ್ಚಿಕೊಂಡೇ ಇದ್ದವು. ಮರುದಿನ ಬೆಳಗಾಗುವ ಹೊತ್ತಿಗೆ ಇದ್ದಲಿನ ಕುತ್ತಿಗೆ ಕೆಂಪಗೆ ಸುಲಿದಿತ್ತು. ಬೇಯಿಸಿದ ಮೊಟ್ಟೆ ಮುಂದಿಟ್ಟರೂ ಮೂಸಿ ನೋಡಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ಹಿಂಗಾಲು ನಡುಗುತ್ತಿತ್ತು.

ಆಕೆ ಅಂಗಡಿಯ ಬಾಗಿಲೆಳೆದು, ನಾಯಿಯನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಎತ್ತಿಕೊಂಡು, ಆಟೋ ಹತ್ತಿದಳು.

ಪಶುವೈದ್ಯೆ ಕೂದಲು ಗಿಡ್ಡ ಕತ್ತರಿಸಿಕೊಂಡ, ಮಾತೂ ಅಷ್ಟೇ ಗಿಡ್ಡವಾದ ಹೆಂಗಸು. ನಾಯಿಯ ತುಟಿ ಎತ್ತಿ ಒಸಡು ನೋಡಿದರು. ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕುತ್ತಿಗೆ ನೋಡಿ ಹುಬ್ಬು ಗಂಟಿಕ್ಕಿದರು.

"ಏನು ಹಚ್ಚಿದ್ರಿ ಇದಕ್ಕೆ?"

"ಸೀಮೆಎಣ್ಣೆ, ಮೇಡಂ."

"ನಿಮ್ಮ ಮೈಗೆ ಹಚ್ಕೊಳ್ತೀರಾ?"

ವೈದ್ಯೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಒಂದು ಗಂಟೆ ಕಾಯಿಸಿ, ಕಾಗದ ಕೈಗೆ ಬಂದ ಮೇಲೆ ಎದುರಿಗೆ ಕೂರಿಸಿಕೊಂಡರು.

"ಉಣ್ಣಿಯಿಂದ ಬಂದ ಜ್ವರ. ರಕ್ತ ಇಳಿದುಹೋಗಿದೆ. ಇಪ್ಪತ್ತೆಂಟು ದಿನ ಮಾತ್ರೆ, ಹೊಟ್ಟೆಗೆ ಏನಾದ್ರೂ ಹಾಕಿದ ಮೇಲೆ ಕೊಡಬೇಕು. ಚೇತರಿಸಿಕೊಳ್ತು ಅಂತ ನಡುವೆ ನಿಲ್ಲಿಸೋ ಹಾಗಿಲ್ಲ. ಉಣ್ಣಿಗೆ ಬೇರೆ ಮಾತ್ರೆ, ಅದರ ತೂಕ ನೋಡಿ ಕೊಡ್ತೀನಿ, ತಿಂಗಳಿಗೊಂದು. ದನದ ಔಷಧಿ, ಪಕ್ಕದ ಮನೆಯವರ ಔಷಧಿ, ಯಾವುದೂ ಬೇಡ."

"ಬದುಕುತ್ತಾ ಮೇಡಂ?"

"ನಾನು ಹೇಳಿದ್ದು ಕೇಳಿದ್ರೆ ಬದುಕುತ್ತೆ. ಇನ್ನೊಂದು. ನಾಯಿ ಮೇಲೆ ಕಾಣೋ ಉಣ್ಣಿ ಬರೀ ಕಾಲು ಭಾಗ. ಮಿಕ್ಕಿದ್ದೆಲ್ಲ ನಿಮ್ಮ ಮನೆ ಗೋಡೆಲಿದೆ. ರಕ್ತ ಕುಡಿದು ಊದಿಕೊಂಡ ಹೆಣ್ಣು ಕೆಳಗೆ ಬಿದ್ದು, ಬಿರುಕು ಹುಡುಕಿಕೊಂಡು ಹೋಗಿ, ಒಂದೇ ಸಲಕ್ಕೆ ಸಾವಿರಾರು ಮೊಟ್ಟೆ ಇಡುತ್ತೆ. ಮನೆ ಬಿಟ್ಟು ನಾಯಿಗಷ್ಟೇ ಔಷಧಿ ಮಾಡಿದ್ರೆ, ತೂತು ಮುಚ್ಚದೆ ಕೊಡಕ್ಕೆ ನೀರು ಹಾಕಿದ ಹಾಗೆ."

ಚಿಮುಟದಿಂದ ಉಣ್ಣಿ ಕೀಳುವುದು ಹೇಗೆಂದು ವೈದ್ಯೆ ತೋರಿಸಿದರು. ಚರ್ಮಕ್ಕೆ ತಾಗುವಷ್ಟು ಹತ್ತಿರ, ತಲೆಯ ಬುಡದಲ್ಲಿ ಹಿಡಿಯಬೇಕು. ತಿರುಚದೆ ನೆಟ್ಟಗೆ ಎಳೆಯಬೇಕು. ಬೆರಳಲ್ಲಿ ಹಿಸುಕದೆ ಸಾಬೂನು ನೀರಿನ ಡಬ್ಬಿಗೆ ಹಾಕಬೇಕು. ಆಕೆ ಅಲ್ಲೇ, ಅವರ ಎದುರಿಗೇ, ಮೂರು ಕಿತ್ತು ತೋರಿಸಿ ಎದ್ದಳು.

ಮಧ್ಯಾಹ್ನದ ಪಾಳಿ ಮುಗಿಸಿ ಬಂದ ಗಂಡ ಚಪ್ಪಲಿ ಬಿಡುವ ಮೊದಲೇ ಎಲ್ಲ ಕೇಳಿಸಿಕೊಂಡ. ಅವನು ಬಸ್ ಡ್ರೈವರು, ಯಾವುದಕ್ಕೂ ಹತ್ತಿರದ ದಾರಿ ಹುಡುಕುವ ಮನುಷ್ಯ.

"ನೋಡು, ನನ್ನ ಸ್ನೇಹಿತನ ಗೋದಾಮಿಗೆ ಕಾವಲಿಗೆ ನಾಯಿ ಬೇಕಂತೆ. ಹುಷಾರಾದ ಮೇಲೆ ಬಿಟ್ಟು ಬರ್ತೀನಿ. ಕಸುಬಿಗೇ ಕುತ್ತು ಬಂದ ಮೇಲೆ ನಾಯಿ ಇಟ್ಕೊಂಡು ಏನು ಮಾಡ್ತೀಯ?"

"ನೆಗಡಿ ಬಂತೂಂತ ಯಾರಾದ್ರೂ ಮೂಗು ಕೊಯ್ಕೊಳ್ತಾರೇನ್ರೀ?"

"ಇದು ನೆಗಡಿಯಾ?"

"ಅಲ್ಲ, ಅದಕ್ಕಿಂತ ಹಟಮಾರಿ. ನಾಯಿ ಗೋದಾಮಿಗೆ ಹೋದ್ರೆ ಗೋಡೆಲಿರೋ ಉಣ್ಣಿಗಳು ಅದರ ಹಿಂದೆ ನಿಮ್ಮ ಬಸ್ಸಲ್ಲಿ ಟಿಕೆಟ್ ತಗೊಂಡು ಹೋಗ್ತಾವಾ? ಇಲ್ಲೇ ಇರ್ತವೆ. ನಾಯಿ ಸಿಗದಿದ್ರೆ ನಮ್ಮನ್ನೇ ಹಿಡ್ಕೊಳ್ತವೆ. ಹೇಗಿದ್ರೂ ಓಡಿಸಬೇಕಾದ್ದು ಉಣ್ಣಿನ. ಅದನ್ನೇ ಓಡಿಸ್ತೀನಿ. ಇದ್ದಲು ಎಲ್ಲಿಗೂ ಹೋಗಲ್ಲ."

ಗಂಡನಿಗೆ ಹೆಂಡತಿಯ ಆ ದನಿ ಗೊತ್ತಿತ್ತು. ಇಸ್ತ್ರಿಪೆಟ್ಟಿಗೆಯಂಥದು, ಕಾಯುವವರೆಗೆ ಸುಮ್ಮನಿರುತ್ತದೆ, ಕಾದ ಮೇಲೆ ಕೈ ಇಡುವಂತಿಲ್ಲ. ಅವನು ಅಂಗಿಯ ತೋಳು ಮಡಚಿ, "ಎಲ್ಲಿಂದ ಶುರು ಮಾಡೋಣ ಹೇಳು," ಎಂದ.

ಅಂಗಡಿಯ ಬಾಗಿಲಿಗೆ ಆಕೆ ತಾನೇ ಬರೆದು ರಟ್ಟು ತೂಗುಹಾಕಿದಳು: "ಒಳಗೆ ಉಣ್ಣಿ ಇದೆ. ಪೂರ್ತಿ ಹೋಗುವವರೆಗೆ ಬಟ್ಟೆ ತೆಗೆದುಕೊಳ್ಳುವುದಿಲ್ಲ." ಗಂಡ ನೋಡಿ ಹೌಹಾರಿದ. "ಯಾರಾದ್ರೂ ಹೀಗೆ ಊರಿಗೆಲ್ಲ ಡಂಗುರ ಹೊಡೀತಾರೇನೇ? ಕಾಯಿಲೆ ಅಂತ ಬರಿ." ಆಕೆ ಒಪ್ಪಲಿಲ್ಲ. "ಹೆಡ್‌ಮಾಸ್ತರು ಇಷ್ಟೊತ್ತಿಗೆ ಮೂರು ಬೀದಿಗೆ ಹೇಳಿರ್ತಾರೆ. ಮುಚ್ಚಿಟ್ರೆ ಇನ್ನೂ ನಗ್ತಾರೆ."

ಮೊದಲ ದಿನ ಇಸ್ತ್ರಿ ಮೇಜನ್ನು ಬೀದಿಗೆ ತಂದು ತಲೆಕೆಳಗಾಗಿ ಹಾಕಿದರು. ಮೇಜಿಗೆ ಹಾಸಿದ್ದ ಕಂಬಳಿಯ ಮಡಿಕೆಯಲ್ಲಿ, ಮೊಳೆ ಹೊಡೆದ ಅಂಚಿನಲ್ಲಿ, ಉಣ್ಣಿಗಳು ಸಂಸಾರ ಹೂಡಿದ್ದವು. ಕಂಬಳಿಯನ್ನು ಸುಟ್ಟು ಹಾಕಿದಳು. ನಾಯಿಯ ಹಾಸಿಗೆಯನ್ನು ಕುದಿಯುವ ನೀರಿಗೆ ಹಾಕಿ, ಒಣಗಿಸಿ, ಎರಡೂ ಬದಿಗೆ ಇಸ್ತ್ರಿ ಮಾಡಿದಳು. "ರಾಜರ ಮಂಚದ ಹಾಸಿಗೆಗೂ ಇಷ್ಟು ಇಸ್ತ್ರಿ ಮಾಡಿರಲ್ಲ," ಎಂದು ಗಂಡ ಗೊಣಗಿದ. ಗೋಡೆಯ ಒಂದೊಂದು ಬಿರುಕಿಗೂ ಬಿಸಿನೀರು ಸುರಿದು, ತಂತಿ ಬ್ರಷ್ಷಿನಿಂದ ಕೆರೆದು, ಆರಿದ ಮೇಲೆ ಸಿಮೆಂಟು ಮೆತ್ತಿದಳು. ಬಾಗಿಲ ಚೌಕಟ್ಟು, ಹೊಸ್ತಿಲ ಸಂದು, ಕಿಟಕಿಯ ಕೆಳಗಿನ ಮರ, ಯಾವುದನ್ನೂ ಬಿಡಲಿಲ್ಲ. ವೈದ್ಯೆ ಬರೆದುಕೊಟ್ಟ ಸಿಂಪಡಿಸುವ ಔಷಧಿಯನ್ನು ನಾಯಿಯನ್ನೂ ಅತ್ತೆಯನ್ನೂ ಹಿತ್ತಲಿಗೆ ಕಳಿಸಿ ಹೊಡೆದಳು. ನೆಲ ಪೂರ್ತಿ ಒಣಗುವ ತನಕ ಇಬ್ಬರನ್ನೂ ಒಳಗೆ ಬಿಡಲಿಲ್ಲ.

ಹಿತ್ತಲಲ್ಲಿ ಅತ್ತೆ ಸುಮ್ಮನೆ ಕೂತಿರಲಿಲ್ಲ. ಇದ್ದಲಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ಸವರುತ್ತಿದ್ದವರು ಇದ್ದಕ್ಕಿದ್ದಂತೆ ಕೂಗಿದರು.

"ಬಾರೇ ಇಲ್ಲಿ! ಚಿಮುಟ ತಗೊಂಡು ಬಾ. ಇಲ್ಲೊಂದು ಕೂತಿದೆ."

ಆಕೆ ಬಂದು ನೋಡಿದರೆ ಕಪ್ಪು ಕೂದಲ ಬುಡದಲ್ಲಿ ಎಳ್ಳುಕಾಳಿನಷ್ಟು ಚಿಕ್ಕ ಉಣ್ಣಿ. ಅವತ್ತೇ ಬೆಳಿಗ್ಗೆ ಅದೇ ಜಾಗವನ್ನು ಆಕೆ ಎರಡು ಸಲ ನೋಡಿದ್ದಳು, ಕಂಡಿರಲಿಲ್ಲ.

"ನಿಮಗೆ ಹೇಗೆ ಸಿಕ್ತು ಅತ್ತೆ?"

"ಅಂಗಿ ಮುಟ್ಟಿದ್ರೆ ಯಾರದ್ದು ಅಂತ ಹೇಳೋಳು ನಾನು. ಉಣ್ಣಿ ಸಿಗಲ್ವಾ?" ಎಂದರು ಅತ್ತೆ. ಆಮೇಲೆ ದನಿ ಇಳಿಸಿ, "ಸೀಮೆಎಣ್ಣೆ ಹಚ್ಚು ಅಂದದ್ದು ನಾನೇ. ಪಾಪ, ಸುಟ್ಟುಹೋಯ್ತು. ಇನ್ಮೇಲೆ ಹುಡುಕೋ ಕೆಲಸ ನನಗೆ ಬಿಡು."

ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅತ್ತೆ ಹುಡುಕುವುದು, ಸೊಸೆ ಕೀಳುವುದು. ಮಾತ್ರೆಯನ್ನು ಮೊಟ್ಟೆಯ ಹಳದಿಯಲ್ಲಿ ಅಡಗಿಸಿ ಕೊಡುವ ಕೆಲಸ ಗಂಡನದು. ಮೊದಲ ನಾಲ್ಕು ದಿನ ಇದ್ದಲು ಬರೀ ಗಂಜಿನೀರು ನೆಕ್ಕಿತು, ಮಾತ್ರೆಯನ್ನು ಬಾಯಿ ತೆರೆಸಿ ನುಂಗಿಸಬೇಕಾಯಿತು. ಐದನೆಯ ದಿನ ಅರ್ಧ ಮೊಟ್ಟೆ ತಿಂದು, ಮಾತ್ರೆಯನ್ನು ಮಾತ್ರ ನಾಜೂಕಾಗಿ ಹೊರಗೆ ಉಗುಳಿತು. "ಬುದ್ಧಿ ಬಂತು, ಬದುಕ್ತು ಬಿಡು!" ಎಂದು ಗಂಡ ಹಿಗ್ಗಿದ. ಹತ್ತನೆಯ ದಿನ ಬಾಗಿಲವರೆಗೆ ನಡೆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಮೈಮೇಲೆ ಹುಡುಕಿದರೂ ಒಂದು ಉಣ್ಣಿ ಸಿಗಲಿಲ್ಲ. ಆಕೆ ಬಾಗಿಲ ರಟ್ಟು ತೆಗೆದು, ಮೇಜಿಗೆ ಹೊಸ ಕಂಬಳಿ ಹಾಸಿದಳು.

ಅಂಗಡಿ ತೆರೆದ ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಕಾಯಲಿಟ್ಟು ತಿರುಗಿದವಳಿಗೆ ಗೋಡೆಯ ಮೇಲೆ ಪುಡಿಪುಡಿ ಎಳ್ಳು ಚೆಲ್ಲಿದಂತೆ ಏನೋ ಕಂಡಿತು. ಆ ಎಳ್ಳು ಮೇಲೆ ಹತ್ತುತ್ತಿತ್ತು. ಒಂದು ಗಳಿಗೆ ಸ್ಟೂಲಿನ ಮೇಲೆ ತಲೆ ಹಿಡಿದು ಕೂತಳು. ಆಮೇಲೆ ಎದ್ದು, ಸ್ವಿಚ್ಚು ಆರಿಸಿ, ರಟ್ಟನ್ನು ಮತ್ತೆ ತೂಗುಹಾಕಿ, ಆ ಸಾಲು ಎಲ್ಲಿಂದ ಹೊರಟಿದೆಯೆಂದು ಗೋಡೆಗೆ ಮೂಗು ತಾಗಿಸಿ ನೋಡುತ್ತ ಹೋದಳು. ಸಾಲು ಕಿಟಕಿಯ ಚೌಕಟ್ಟು ದಾಟಿ ಹೊರಗಿನ ಗೋಡೆಗೆ, ಅಲ್ಲಿಂದ ಪಕ್ಕದ ಬಡಗಿಯ ಅಂಗಡಿಗೆ ಹೋಯಿತು. ಅಲ್ಲಿ ಹಳೇ ಹಲಗೆಗಳ ರಾಶಿ. ರಾಶಿಯ ಬುಡದಲ್ಲಿ, ಮರದ ಹೊಟ್ಟಿನ ಮೇಲೆ, ಬೀದಿಯ ಕೆಂದು ನಾಯಿಯೊಂದು ಮೈ ಕೆರೆದುಕೊಳ್ಳುತ್ತ ಮಲಗಿತ್ತು.

"ಬಡಗಿಯಣ್ಣಾ, ಈ ಹಲಗೆ ರಾಶಿ ತೆಗೀಬೇಕಲ್ಲ. ಅಡಿಯಲ್ಲಿ ಉಣ್ಣಿ ತುಂಬಿದೆ."

ಬಡಗಿ ಉಳಿ ಕೆಳಗಿಡದೆಯೇ ಕಣ್ಣು ಕೆಂಪಗೆ ಮಾಡಿದ. "ನಿಮ್ಮ ತಟ್ಟೆಲಿ ಹೆಗ್ಗಣ ಬಿದ್ದಿದ್ರೂ ನಮ್ಮ ತಟ್ಟೆಯ ನೊಣ ಓಡಿಸೋಕೆ ಬಂದ್ರಾ? ಬಾಗಿಲಿಗೆ ಬೋರ್ಡು ಹಾಕಿಕೊಂಡಿರೋರು ನೀವು. ನನ್ನ ಮರದಲ್ಲಿ ಯಾವ ಉಣ್ಣಿನೂ ಇಲ್ಲ."

"ನಮ್ಮ ಹೆಗ್ಗಣ ನಾವು ಓಡಿಸಿದ್ದೀವಿ ಅಣ್ಣಾ. ಈಗ ಬರ್ತಿರೋದು ನಿಮ್ಮಲ್ಲಿಂದ. ಬಂದು ನೋಡಿ, ಸಾಲು ಕಾಣುತ್ತೆ."

"ನನಗೆ ಕೆಲಸ ಇದೆ." ಅವನು ಮುಖ ತಿರುಗಿಸಿ ಕಿವಿಯ ಹಿಂದೆ ಪರಪರ ಕೆರೆದುಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ ಕೆರೆದ.

ಆಕೆ ಎರಡು ಹೆಜ್ಜೆ ಮುಂದೆ ಬಂದಳು. "ಅಣ್ಣಾ, ಅಲ್ಲಾಡಬೇಡಿ."

"ಏನು?"

"ಅಲ್ಲಾಡಬೇಡಿ ಅಂದೆ."

ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಚಿಮುಟ ಬಿಚ್ಚಿ, ಅವನ ಕಿವಿ ಮಡಚಿ, ಅಲ್ಲಿದ್ದುದನ್ನು ತಲೆಯ ಬುಡದಲ್ಲಿ ಹಿಡಿದು ನೆಟ್ಟಗೆ ಎಳೆದಳು. ಬಿಳಿ ಹಲಗೆಯ ಮೇಲೆ ಇಟ್ಟು ತೋರಿಸಿದಳು. ಉಣ್ಣಿ ಕಾಲಾಡಿಸುತ್ತಿತ್ತು. ಬಡಗಿ ಅದನ್ನು ನೋಡಿದ, ಕಿವಿ ಮುಟ್ಟಿ ನೋಡಿಕೊಂಡ, ಮತ್ತೆ ಅದನ್ನು ನೋಡಿದ. ಉಳಿ ಕೆಳಗಿಟ್ಟ.

"ಇದು... ಎಷ್ಟು ದಿನದಿಂದ ಇತ್ತೋ!"

"ಜ್ವರಗಿರ ಬಂದ್ರೆ ಡಾಕ್ಟರಿಗೆ ಉಣ್ಣಿ ಕಚ್ಚಿತ್ತು ಅಂತ ಹೇಳಿ. ಮುಚ್ಚಿಡಬೇಡಿ. ಈಗ ಹಲಗೆಗೆ ಆ ಕಡೆ ನೀವು ಕೈ ಹಾಕ್ತೀರೋ, ನಾನೊಬ್ಬಳೇ ಎಳೀಲೋ?"

ಅವನು ಬಂದು ಹಲಗೆಗೆ ಕೈ ಹಾಕಿದ. ಎರಡು ದಿನ ಹಿಡಿಯಿತು. ಹಲಗೆಗಳನ್ನೆಲ್ಲ ಬಿಸಿಲಿಗೆ ಹರಡಿದರು, ಹೊಟ್ಟನ್ನು ಗುಡಿಸಿ ಸುಟ್ಟರು, ಹಿಂದಿನ ಗೋಡೆಯ ಬಿರುಕನ್ನು ಬಡಗಿಯೇ ಮುಚ್ಚಿದ. ಕೆಂದು ನಾಯಿ ಮೊದಲು ಹತ್ತಿರ ಬರಲಿಲ್ಲ. ಅತ್ತೆ ಹೋಗಿ ನೆಲದ ಮೇಲೆ ಕೂತು, ಕೈ ಚಾಚಿಕೊಂಡು, ಅರ್ಧ ದಿನ ಕಾದರು. ಕೊನೆಗೆ ಅದು ಬಂದು ಅವರ ಅಂಗೈ ಮೂಸಿತು. ಅದಕ್ಕೂ ವೈದ್ಯೆಯಿಂದ ತೂಕಕ್ಕೆ ತಕ್ಕ ಮಾತ್ರೆ ಬಂತು. "ಇನ್ನು ಇದು ಬೀದಿನಾಯಿ ಅಲ್ಲ, ನನ್ನ ನಾಯಿ," ಎಂದು ಬಡಗಿ ತಾನೇ ಹೇಳಿಕೊಂಡು, ಉಳಿದ ಮರದ ತುಂಡುಗಳಲ್ಲಿ ಸಂದಿಲ್ಲದ ಒಂದು ಗೂಡು ಮಾಡಿದ.

ಇಪ್ಪತ್ತೆಂಟನೆಯ ದಿನದ ಮಾತ್ರೆ ಮುಗಿದ ಮೇಲೆ ವೈದ್ಯೆ ಇನ್ನೊಮ್ಮೆ ರಕ್ತ ನೋಡಿ, "ಚೆನ್ನಾಗಿದೆ" ಎಂದರು. ಅದಕ್ಕಿಂತ ಉದ್ದದ ಮಾತು ಅವರಿಂದ ಹೊರಡಲಿಲ್ಲ. ಆಕೆಗೆ ಬೇಕಾಗಿಯೂ ಇರಲಿಲ್ಲ. ಮನೆಯನ್ನು ಮಾತ್ರ ಆಕೆ ಇನ್ನೂ ಒಂದು ತಿಂಗಳು ನಂಬಲಿಲ್ಲ. ವಾರಕ್ಕೊಮ್ಮೆ ಗೋಡೆ ತೊಳೆದಳು, ಬಾಗಿಲ ಸಂದು ಕೆರೆದು ನೋಡಿದಳು. ಏನೂ ಇಲ್ಲವೆಂದು ಖಾತ್ರಿಯಾದ ದಿನ ಮತ್ತೆ ಅಂಗಡಿ ತೆರೆದಳು.

ಹಳೆಯ ಗಿರಾಕಿಗಳು ಎಲ್ಲರೂ ಬರಲಿಲ್ಲ. ಹೆಡ್‌ಮಾಸ್ತರರು ಬೇರೆ ಬೀದಿಯ ಅಂಗಡಿ ಹಿಡಿದಿದ್ದರು. ಎದುರು ಸಿಕ್ಕರೆ ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದರು. ಆಕೆ ಬೇಸರಪಟ್ಟುಕೊಳ್ಳಲಿಲ್ಲ. ಬಂದವರು ಬಟ್ಟೆ ಕೊಡುವ ಮೊದಲು ಮೇಜಿನಡಿ ಇಣುಕಿದರೆ, "ಚೆನ್ನಾಗಿ ನೋಡಿ, ಕಿವಿ ಎತ್ತಿ ನೋಡಿ," ಎಂದು ತಾನೇ ಕರೆದು ತೋರಿಸುತ್ತಿದ್ದಳು.

ಅಷ್ಟರಲ್ಲಿ ಅತ್ತೆಯ ಬೆರಳಿನ ಸುದ್ದಿ ಬೀದಿಯಲ್ಲಿ ಹಬ್ಬಿತ್ತು. ಒಂದು ಭಾನುವಾರ ಮೂಲೆಮನೆಯ ಟೀಚರು ತಮ್ಮ ಬಿಳಿ ಕೂದಲಿನ ನಾಯಿಯನ್ನು ಹಗ್ಗ ಹಿಡಿದು ತಂದು, ಸಂಕೋಚದಿಂದ ಬಾಗಿಲಲ್ಲಿ ನಿಂತರು.

"ಅಮ್ಮಾ, ಇದನ್ನೂ ಸ್ವಲ್ಪ ನೋಡ್ತೀರಾ? ನನ್ನ ಕಣ್ಣಿಗೆ ಏನೂ ಕಾಣ್ತಿಲ್ಲ."

"ನನ್ನ ಕಣ್ಣಿಗೂ ಕಾಣಲ್ಲಮ್ಮ. ಕೂತ್ಕೋ," ಎಂದು ಅತ್ತೆ ಸ್ಟೂಲು ಎಳೆದುಕೊಂಡು, ನಾಯಿಯ ಕೊರಳಿಂದ ಬೆರಳು ಆಡಿಸುತ್ತ ಹೋದರು. ಬಾಲದ ಬುಡದಲ್ಲಿ ಬೆರಳು ನಿಂತಿತು.

"ಸಿಕ್ತು. ಚಿಮುಟ ತಗೊಂಡು ಬಾರೇ."

ಇಸ್ತ್ರಿಯಕ್ಕ ಸಾಬೂನು ನೀರಿನ ಡಬ್ಬಿ ಪಕ್ಕದಲ್ಲಿಟ್ಟು, ನೆಲದ ಮೇಲೆ ಮಂಡಿಯೂರಿದಳು. "ಟೀಚರೇ, ಮೊದಲು ಇದನ್ನ ಕೀಳೋದು ಕಲ್ತ್ಕೊಳ್ಳಿ. ಆಮೇಲೆ ನಿಮ್ಮ ಮನೆ ಗೋಡೆ ನೋಡೋಕೆ ನಾನೇ ಬರ್ತೀನಿ," ಎಂದಳು.