ಫ್ಯಾನ್ ಹಾಕಬಾರದ ಕೋಣೆ

ಬೀಜ ಪರೀಕ್ಷೆಯ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ. ಹಾಕಿದರೆ ಬೀಜ ಹಾರುತ್ತದೆ. ಇಪ್ಪತ್ತಾರು ವರ್ಷ ಅಲ್ಲೇ ಕೂತವಳಿಗೆ ಇಷ್ಟೂ ಗೊತ್ತಿರಲಿಲ್ಲವೇ ಎಂದು ಎಲ್ಲರೂ ಕೇಳಿದರು. ಗೊತ್ತಿತ್ತು ಸ್ವಾಮಿ. ಸ್ವಿಚ್ಚಿನ ಮೇಲೆ ಎಚ್ಚರಿಕೆಯ ಚೀಟಿ ಬರೆದು ಅಂಟಿಸಿದವಳೇ ನಾನು.

ನಮ್ಮಲ್ಲಿಗೆ ಹುಲ್ಲಿನ ಬೀಜ ಚೀಲಗಳಲ್ಲಿ ಬರುತ್ತದೆ. ಒಂದು ಹಿಡಿ ತೆಗೆದು ಬಿಳಿ ಹಲಗೆಯ ಮೇಲೆ ಹರಡಿ, ದೀಪದ ಕೆಳಗೆ ಚಿಮಟದಲ್ಲಿ ಒಂದೊಂದನ್ನೇ ಸರಿಸಿ, ಕಳೆಯ ಬೀಜವನ್ನು ಬೇರೆ ಮಾಡಬೇಕು. ಒಂದು ಹಿಡಿಗೆ ಎರಡು ದಿನ ಹಿಡಿಯುತ್ತದೆ. ಬೇರೆಯವರಿಗೆ ಅರ್ಧ ಗಂಟೆಗೆಲ್ಲ ಆಕಳಿಕೆ ಬರುತ್ತದೆ, ನನಗೆ ನೆಮ್ಮದಿ ಬರುತ್ತದೆ. ಗೋಡೆಗೆ ಮುಖ ಮಾಡಿದ ಮೂಲೆಯ ಮೇಜು ನನ್ನದು. ನಾನು ಯಾರ ಮುಖವನ್ನೂ ನೋಡಬೇಕಾಗಿಲ್ಲ, ಯಾರೂ ನನ್ನ ಮುಖ ನೋಡುವುದಿಲ್ಲ. ಆ ಮೇಜೊಂದು ಇದ್ದದ್ದಕ್ಕೇ ನಾನು ಇಷ್ಟು ವರ್ಷ ಜನರ ನಡುವೆ ಬಾಳಿದೆ.

ನನಗೆ ಆಟಿಸಂ ಇದೆ ಎಂದು ಗೊತ್ತಾದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. "ಅದು ಮಕ್ಕಳಿಗೆ ಬರೋದಲ್ವೇನೇ?" ಎಂದಳು ಅಕ್ಕ. ಆ ಮಕ್ಕಳು ದೊಡ್ಡವರಾಗುವುದೇ ಇಲ್ಲವೇ! ಅದಾಗಿ ಎರಡು ವರ್ಷಕ್ಕೆ ಮುಟ್ಟು ಏರುಪೇರಾಯಿತು. ಡಾಕ್ಟರಮ್ಮ ಕಂಪ್ಯೂಟರ್ ನೋಡುತ್ತಲೇ, "ನಿಲ್ಲೋ ಕಾಲ ಅಮ್ಮ, ಎಲ್ರಿಗೂ ಆಗತ್ತೆ. ವಾಕಿಂಗ್ ಮಾಡಿ" ಎಂದರು. ಅಕ್ಕನೂ ಅದೇ ರಾಗ ಎಳೆದಳು. "ನಂಗೂ ಆಯ್ತು. ಸ್ವಲ್ಪ ಸೆಕೆ, ಸ್ವಲ್ಪ ಸಿಟ್ಟು. ನಾನೇನು ಸತ್ತು ಹೋದ್ನಾ?"

ಬರೀ ಸೆಕೆಯಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಐವತ್ತು ವರ್ಷ ಹೇಗೋ ತಡೆದು ನಿಲ್ಲಿಸಿದ್ದ ಸದ್ದುಗಳೆಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿದವು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆಗೆ ಅಳು ಬರತೊಡಗಿತು. ಬಟ್ಟೆಯ ಹೊಲಿಗೆ ಮುಳ್ಳಿನಂತೆ ಚುಚ್ಚತೊಡಗಿತು. ನಿದ್ದೆಯಂತೂ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮಾತು ಕೈಕೊಟ್ಟಿತು. ನಾನು ಮೊದಲಿನಿಂದಲೂ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಆಮೇಲೆ ಆಡುವವಳು. ಈಗ ಮೈ ಕಾದ ತಕ್ಷಣ ಜೋಡಿಸಿದ್ದೆಲ್ಲ ಎಲ್ಲಿಗೋ ಹೋಗಿಬಿಡುತ್ತಿತ್ತು. ಡಾಕ್ಟರಮ್ಮನಿಗೆ ಇದನ್ನು ಹೇಳೋಣವೆಂದರೆ, ಹೇಳುವುದಕ್ಕೂ ಅದೇ ಬಾಯಿ ತಾನೇ ಬೇಕು?

ಆ ಮಂಗಳವಾರ ಪಕ್ಕದ ಮೇಜಿನ ರೇಡಿಯೋ ಬೆಳಿಗ್ಗೆಯಿಂದ ನಿಂತಿರಲಿಲ್ಲ. ರೇಡಿಯೋ ಎಂದರೆ ನನ್ನ ಸಹೋದ್ಯೋಗಿ. ಬಾಯಿ ಮುಚ್ಚದ ಹೆಂಗಸು, ಕೆಟ್ಟವಳಲ್ಲ. ಸೊಸೆ ತಂದ ಸೋಫಾದ ಬಣ್ಣ ಹೇಳುತ್ತಿದ್ದಳು. ನನ್ನ ಅಂಗಾಲಿನಿಂದ ಬೆಂಕಿ ಎದ್ದು ನೆತ್ತಿಗೆ ಏರಿತು. ಕಣ್ಣು ಕತ್ತಲೆ ಬಂತು. ಮತ್ತೆ ಕಣ್ಣು ಕಂಡಾಗ ನಾನು ಗೋಡೆಯ ಬಳಿ ನಿಂತಿದ್ದೆ, ಕೈ ಸ್ವಿಚ್ಚಿನ ಮೇಲಿತ್ತು, ಫ್ಯಾನ್ ತಿರುಗುತ್ತಿತ್ತು.

ಹೆಚ್ಚೆಂದರೆ ಐದು ಸೆಕೆಂಡು. ನಾಲ್ಕು ಜನ ಎರಡು ದಿನ ಕೂತು ಬೇರ್ಪಡಿಸಿದ್ದೆಲ್ಲ ನೆಲದ ಮೇಲೆ ಒಂದಾಗಿತ್ತು.

"ಅಯ್ಯೋ, ನಿನ್ ಕೈ ಸೇದಿಹೋಗ!" ಎಂದು ರೇಡಿಯೋ ಕಿರುಚಿದಳು. ಮರುಕ್ಷಣವೇ ನನ್ನ ಮುಖ ನೋಡಿ, "ಏನಾಯ್ತೇ? ನೀರು ಬೇಕಾ?" ಎಂದು ಭುಜ ಹಿಡಿದಳು. ಆ ಮುಟ್ಟುವಿಕೆಯನ್ನು ತಾಳಲಾರದೆ ನಾನು ಚೀರಿದೆ. ಇಡೀ ಕಚೇರಿ ಬಾಗಿಲಿಗೆ ಬಂದು ನಿಂತಿತು.

ಗುರುವಾರ ಬಂದು ಕಾಣಲು ಸಾಹೇಬರು ಹೇಳಿಕಳಿಸಿದರು. ಹಿಂದಿನ ಸಂಜೆ ಅಕ್ಕ ಪಕ್ಕದಲ್ಲಿ ಕೂತು ಪತ್ರ ಬರೆಸಿದಳು. ನನಗೆ ಹೀಗೆ ಹೀಗೆ ಇದೆ, ಮೈ ಕಾದಾಗ ಹತ್ತು ನಿಮಿಷ ಹೊರಗೆ ಹೋಗಲು ಬಿಡಿ, ಮೇಜು ಮಾತ್ರ ಬದಲಿಸಬೇಡಿ. ಅಷ್ಟೇ. "ಬಾಯಿ ಬರ್ಲಿಲ್ಲ ಅಂದ್ರೆ ಸುಮ್ನೆ ಕೈಗೆ ಕೊಟ್ಬಿಡು" ಎಂದಳು.

ಸಾಹೇಬರು ಒಳ್ಳೆಯವರು. ಅದೇ ಕಷ್ಟವಾದದ್ದು. ಬೈದಿದ್ದರೆ ನಡುವೆ ಉಸಿರು ತೆಗೆದುಕೊಳ್ಳಲಾದರೂ ನಿಲ್ಲಿಸುತ್ತಿದ್ದರು.

"ಕೂತ್ಕೊಳ್ಳಿ, ಹೆದರ್ಕೋಬೇಡಿ. ನನ್ನ ಹೆಂಡ್ತಿಗೂ ಹೀಗೇ ಆಗಿತ್ತು, ಮನೇಲಿ ಒಂದು ಲೋಟ ಉಳೀಲಿಲ್ಲ!" ಎಂದು ನಕ್ಕರು. "ಆ ದೀಪದ ಕೆಳಗೆ ನಿಮ್ಮನ್ನ ಕೂರಿಸೋದೇ ತಪ್ಪು. ಮುಂಬಾಗಿಲ ಕೌಂಟರಿಗೆ ಹಾಕ್ತೀನಿ. ಎಸಿ ಇದೆ, ಜನ ಬಂದು ಹೋಗ್ತಿರ್ತಾರೆ, ಮನಸ್ಸೂ ಹಗುರಾಗತ್ತೆ. ಆಗಬಹುದಲ್ವಾ?"

ಕೌಂಟರಿನಲ್ಲಿ ಎರಡು ಫೋನು, ಒಂದು ಗಂಟೆ, ದಿನವಿಡೀ ಬಡಿದುಕೊಳ್ಳುವ ಗಾಜಿನ ಬಾಗಿಲು. ಬಂದವರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರೆ. ಅಲ್ಲಿ ನಾನು ಒಂದು ವಾರ ಉಳಿಯುವುದಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟು ಹೊತ್ತಿಗೆ ಬೆಂಕಿ ಕುತ್ತಿಗೆಗೆ ಬಂದಿತ್ತು. ಪತ್ರ ಮಡಿಲಲ್ಲೇ ಇತ್ತು, ಎತ್ತಿ ಕೊಟ್ಟರೆ ಮುಗಿಯಿತು. ಎತ್ತು, ಎತ್ತು ಎಂದು ಕೈಗೆ ಎಷ್ಟು ಹೇಳಿದರೂ ಕೈ ಕೇಳಲಿಲ್ಲ. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಆ ನೋಟ ನಿಂತರೆ ಸಾಕಾಗಿತ್ತು ನನಗೆ.

ತಲೆಯಾಡಿಸಿದೆ.

"ನೋಡಿ, ಎಷ್ಟು ಸುಲಭ ಆಯ್ತು!" ಎಂದು ಅವರು ಫೈಲಿನಲ್ಲಿ 'ನೌಕರರ ಒಪ್ಪಿಗೆಯ ಮೇರೆಗೆ' ಎಂದು ಬರೆದು ನನ್ನತ್ತ ತಿರುಗಿಸಿದರು. ಸಹಿ ಹಾಕಲು ಮಾತ್ರ ಕೈ ಎದ್ದಿತು.

ಮನೆಯಲ್ಲಿ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಪತ್ರ ಕೊಟ್ಯಾ?" ಮಡಚಿದ ಹಾಳೆಯನ್ನು ತೋರಿಸಿದೆ. ಬೆವರಿಗೆ ಶಾಯಿ ಕದಡಿ ಹೋಗಿತ್ತು. "ಬಾಯಲ್ಲಾದ್ರೂ ಹೇಳಿದ್ಯಾ?" ಇಲ್ಲವೆಂದು ತಲೆಯಾಡಿಸಿದೆ. ಕೌಂಟರಿನ ಆದೇಶ ಓದಿ ಅವಳು ಕುರ್ಚಿಯಲ್ಲಿ ಕುಸಿದಳು.

"ಬೇಡ ಅನ್ನೋಕೆ ಏನಾಗಿತ್ತೇ ನಿಂಗೆ? ಎರಡೇ ಅಕ್ಷರ ಕಣೇ!" ಎಂದು ಗೋಳೋ ಎಂದು ಅತ್ತಳು. ನನ್ನ ಮೇಲೆ ಸಿಟ್ಟಿಗೆ ಅತ್ತಳೋ, ಕನಿಕರಕ್ಕೆ ಅತ್ತಳೋ ನನಗೆ ತಿಳಿಯಲಿಲ್ಲ. ಕೇಳಲೂ ಆಗಲಿಲ್ಲ.

ಅವಳು ತನ್ನ ಮನೆಗೆ ಹೋದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹೇಳಿ ನೋಡಿದೆ. ಬೇಡ. ಸ್ಪಷ್ಟವಾಗಿ ಬಂತು. ಸಾಹೇಬ್ರೇ, ನಂಗೆ ಕೌಂಟರ್ ಬೇಡ, ನನ್ನ ಮೇಜು ಬಿಡಿಸ್ಬೇಡಿ. ಅದೂ ಬಂತು, ಎಲ್ಲೂ ತಡವರಿಸಲಿಲ್ಲ. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಸೋಮವಾರ ಒಂಬತ್ತೂವರೆಗೆ ನಾನು ಕೌಂಟರಿನಲ್ಲಿ ಇರಬೇಕು.